ಕೆರೆಕಡೆ ದಾರಿ

೧೯೬೧ ಜೂನ್ ೧೯, ಸೋಮವಾರ

ಇವತ್ತೂ ಊರು ಯಾವುದೆಂದು ಯಾರೋ ಕೇಳಿದರು, ಇವತ್ತೂ "ಜಯನಗರದ ಪಕ್ಕ ಸಾರ್" ಎಂದೆ. ಸುಳ್ಳಲ್ಲ. ಬೋರಸಂದ್ರ ಜಯನಗರದ ಪಕ್ಕದಲ್ಲೇ ಇದೆ. ಆದರೆ ಹಾಗೆಂದ ಕೂಡಲೇ ಕೇಳಿದವರು ಹೊಸ ಬಡಾವಣೆಯ ಕಾಂಪೌಂಡು ಮನೆಯನ್ನು ನೆನೆಸಿಕೊಳ್ಳುತ್ತಾರೆ. ನೆನೆಸಿಕೊಳ್ಳಲಿ ಎಂದು ನಾನೂ ಸುಮ್ಮನಿರುತ್ತೇನೆ. ಆಮೇಲೆ ದಿನವಿಡೀ ಅದೇ ಚಿಂತೆ. ಯಾರಾದರೂ ಮನೆಗೆ ಬಂದುಬಿಟ್ಟರೆ? ಬಾಗಿಲಲ್ಲೇ ಎಮ್ಮೆ ಕಟ್ಟಿದೆ.

ಕೆಲಸಕ್ಕೆ ಸೇರಿ ತಿಂಗಳಾಗುತ್ತ ಬಂತು. ಆಫೀಸಿನ ಹೆಸರು ನಗರ ಸೌಕರ್ಯ ಸಲಹಾ ಮಂಡಳಿ. "ಸೌಕರ್ಯ" ಅನ್ನುವಲ್ಲಿ ಈಗಲೂ ನನ್ನ ನಾಲಿಗೆ ತೊಡರುತ್ತದೆ. ಮೂರನೇ ಬ್ಲಾಕಿನ ಬಾಡಿಗೆ ಮನೆ. ಅಡುಗೆಮನೆಯಲ್ಲಿ ನಕ್ಷೆಗಳನ್ನು ಇಟ್ಟಿದ್ದಾರೆ, ಹಾಲ್‌ನಲ್ಲಿ ಸಾಹೇಬರು ಕೂರುತ್ತಾರೆ. ಇಲ್ಲಿ ಏನನ್ನೂ ಕಟ್ಟುವುದಿಲ್ಲ. ಯಾವ ಊರಿಗೆ ಮೊದಲು ನೀರು, ಯಾವುದಕ್ಕೆ ರಸ್ತೆ, ಯಾವುದಕ್ಕೆ ಚರಂಡಿ ಎಂದು ಸರ್ಕಾರಕ್ಕೆ ಹೇಳುವುದಷ್ಟೇ ಕೆಲಸ. "ನಾವು ಕಟ್ಟೋರಲ್ಲ ಕಣಯ್ಯ, ಸಾಲು ನಿಲ್ಲಿಸೋರು" ಎಂದರು ಹೆಡ್ ಗುಮಾಸ್ತೆ ಶಾಮಣ್ಣನವರು.

ನನ್ನದು ಜವಾನನ ಕೆಲಸ, ಅದೂ ಹಂಗಾಮಿ. ಮಿಡ್ಲ್ ಸ್ಕೂಲನ್ನು ಒಂದು ಸಲ ಅಪ್ಪನ ಕಾಯಿಲೆಗೆ ಬಿಟ್ಟೆ, ಇನ್ನೊಂದು ಸಲ ಲೆಕ್ಕದಲ್ಲಿ ಫೇಲಾಗಿ ಬಿಟ್ಟೆ. ಇಲ್ಲಿ ಯಾರಾದರೂ ಗಟ್ಟಿಯಾಗಿ ನಕ್ಕರೆ ನನ್ನನ್ನು ನೋಡಿಯೇ ನಕ್ಕರೇನೋ ಅನ್ನಿಸುತ್ತದೆ. ಸಾಹೇಬರಿಗೆ ಕಾಫಿಯನ್ನು ಎಡಗೈಯಲ್ಲಿ ಕೊಟ್ಟೆನೋ ಬಲಗೈಯಲ್ಲೋ, ಈಗ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಜೂನ್ ೨೮

ಸಿಕ್ಕಿಬಿದ್ದೆ. ರಾಮಪ್ರಸಾದ ಸಾಹೇಬರು ನನ್ನ ವಿಳಾಸ ನೋಡಿದ್ದಾರೆ. "ತಿಮ್ಮರಾಯಪ್ಪ, ನೀನು ಬೋರಸಂದ್ರದವನೆಂದು ಏಕೆ ಹೇಳಲಿಲ್ಲ? ಮುಂದಿನ ತಿಂಗಳು ಅಲ್ಲಿಗೇ ಹೋಗುವವರಿದ್ದೇವೆ. ನೀನು ನನ್ನ ಜೊತೆಯಲ್ಲಿರಬೇಕು" ಎಂದರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಾಹೇಬರ ಮನೆತನ ಬಸವನಗುಡಿಯದೇ. ಆದರೆ ತಂದೆಗೆ ರೈಲ್ವೆ ಕೆಲಸವಾದ್ದರಿಂದ ಬೆಳೆದದ್ದೆಲ್ಲ ಪೂನಾದಲ್ಲಿ. ಅವರ ಕನ್ನಡ ಪುಸ್ತಕದಿಂದ ಬಂದದ್ದು, ಒಂದು ಅಕ್ಷರವೂ ನುಂಗುವುದಿಲ್ಲ. ನಮ್ಮೂರಿನ ಬಾಯಿ ಅವರಿಗೆ ಅರ್ಥವಾಗಲಾರದು. ಅರ್ಥವಾದರೆ ಇನ್ನೂ ಕಷ್ಟ.

ಮನೆಗೆ ಬಂದು ಹೆಂಡತಿ ಮಂಗಮ್ಮನಿಗೆ ಹೇಳಿದೆ. "ಬರ್ಲಿ ಬಿಡಿ, ಅವ್ರೇನು ನಮ್ಮನ್ನ ತಿಂದಾರಾ?" ಎಂದಳು. ಆಮೇಲೆ ಹೊಂಗೆ ತೋಪಿನ ಮಾತು ತೆಗೆದಳು. ಹೋದ ವರ್ಷ ಆ ತೋಪನ್ನು ಸೈಟುಗಳಿಗೆಂದು ಕಡಿದ ಮೇಲೆ ಹೆಂಗಸರಿಗೆ ಕೆರೆ ಏರಿಯ ಕಳ್ಳಿಸಾಲೊಂದೇ ಮರೆ. ಇದು ಹೆಂಗಸರ ವಿಷಯ, ಬರೆಯುವಂಥದ್ದಲ್ಲ.

ಜುಲೈ ೧೨, ಬುಧವಾರ

ನಡೆದದ್ದನ್ನು ನಡೆದ ಹಾಗೆ ಬರೆದರೆ ಮನಸ್ಸು ಹಗುರಾಗಬಹುದು.

ನಮ್ಮೂರ ಅರಳಿಕಟ್ಟೆಯ ಹತ್ತಿರ ಕುರ್ಚಿ ಹಾಕಿಸಿದ್ದೆ. ಸಾಹೇಬರು ಕೂತು, "ನಿಮ್ಮ ಊರಿಗೆ ಮೊದಲು ಏನು ಬೇಕು?" ಎಂದು ಕೇಳಿದರು. ಎಲ್ಲ ಊರಿನಲ್ಲೂ ಕೇಳುವುದು ಅದೊಂದೇ ಪ್ರಶ್ನೆ. ಗಂಡಸರು ಬಸ್ಸು ಎಂದರು, ಪಂಪಿಗೆ ಕರೆಂಟು ಎಂದರು, ತಮ್ಮತಮ್ಮಲ್ಲೇ ಕಿತ್ತಾಡಿದರು. ಚಿಕ್ಕಬೈರಪ್ಪ ಎದ್ದು ನಿಂತು ಒಂದು ಪೋಸ್ಟಾಫೀಸು ಬೇಕೆಂದ. ಅವನಿಗೆ ಕಾಗದ ಬರೆಯುವವರು ಯಾರೂ ಇಲ್ಲ.

ಸಾಹೇಬರು ಕೈಯೆತ್ತಿ, "ಸ್ತ್ರೀಯರು ಏನು ಹೇಳುತ್ತಾರೆ?" ಎಂದರು. ಹೆಂಗಸರ ಗುಂಪಿನಿಂದ ನಮ್ಮ ಸೋದರತ್ತೆ ಸೊಣ್ಣಮ್ಮ ಮುಂದೆ ಬಂದಳು. ಅತ್ತೆ ಬಾಯಿ ತೆಗೆಯುವ ಮೊದಲೇ ನನಗೆ ಬೆವರು.

"ಸ್ವಾಮಿ, ನಮ್ಗೆ ಹೆಂಗಸ್ರಿಗೆ ಕೆರೆಕಡೆ ಹೋಗಕ್ಕೆ ದಾರಿ ಇಲ್ದಂಗಾಗೈತೆ. ಅದೊಂದು ಮಾಡ್ಕೊಡಿ. ನಿಮ್ ಮಕ್ಳ ಹೊಟ್ಟೆ ತಣ್ಣಗಿರ್ಲಿ."

ಹಿಂದೆ ನಿಂತ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಕೆರೆಕಡೆ ಹೋಗುವುದೆಂದರೆ ಏನೆಂದು ನಮ್ಮಲ್ಲಿ ಕೂಸಿಗೂ ಗೊತ್ತು. ಚೊಂಬು ಹಿಡಿದು ಹೋಗುವುದು. ಇದಕ್ಕಿಂತ ಬಿಡಿಸಿ ಬರೆಯಲಾರೆ.

ಸಾಹೇಬರು ನನ್ನತ್ತ ತಿರುಗಿದರು. "ಕೆರೆಗೆ ಹೋಗಲು ದಾರಿ ಇಲ್ಲವೆನ್ನುತ್ತಾರೆಯೆ?"

"ಹೂಂ ಸಾರ್. ದಾರಿ."

"ನೀರು ತರಲು?"

ಆಗ ಹೇಳಬಹುದಾಗಿತ್ತು. ಸಾಹೇಬರ ಇಸ್ತ್ರಿ ಮಾಡಿದ ಪ್ಯಾಂಟು, ಅವರ ಮೊಣಕಾಲಿನ ಮೇಲಿದ್ದ ಇಂಗ್ಲಿಷ್ ಕಾಗದ ಕಾಣುತ್ತಿತ್ತು. ಅದರ ಮುಂದೆ ಆ ಮಾತನ್ನು ಎಲ್ಲಿಂದ ತರಲಿ? "ಹೂಂ ಸಾರ್, ನೀರಿಗೆ. ಬಟ್ಟೆ ಒಗೆಯೋದಕ್ಕೂ" ಎಂದುಬಿಟ್ಟೆ.

"ಯಾವ ಹೊತ್ತಿನಲ್ಲಿ ಹೋಗುತ್ತಾರೆ?"

ಅತ್ತೆಯೇ ಹೇಳಿದಳು: "ಬೆಳಕು ಹರಿಯೋ ಮುಂಚೆ, ಇಲ್ಲಾ ಹೊತ್ತು ಮುಳುಗಿದ್ ಮ್ಯಾಲೆ. ಮಾನವಂತ್ರು ಇನ್ಯಾವಾಗ ಹೋಗ್ತಾರೆ ಸ್ವಾಮಿ?"

ಹೆಂಗಸರೆಲ್ಲ ನಕ್ಕರು. ಸಾಹೇಬರು ನಗಲಿಲ್ಲ. "ಕತ್ತಲೆಯಲ್ಲಿ ನೀರು ಹೊರುತ್ತಾರೆ. ನಗುನಗುತ್ತಲೇ ಹೇಳುತ್ತಾರೆ" ಎಂದು ನನಗೆ ಮೆಲ್ಲಗೆ ಹೇಳಿದರು. ಕಣ್ಣು ಒದ್ದೆಯಾಗಿತ್ತು. ಕಾಗದದಲ್ಲಿ ಏನೋ ಬರೆದು ಅಡಿಗೆರೆ ಎಳೆದರು. "ದೀಪವೂ ಬೇಕು" ಎಂದರು.

ಮಂಗಮ್ಮ ಹೆಂಗಸರ ನಡುವೆ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಕುರ್ಚಿ ಎತ್ತಿಡಲು ಹೋದೆ.

ಜುಲೈ ೧೩

ಹಗುರಾಗಲಿಲ್ಲ.

ಆಗಸ್ಟ್ ೨೨

ವರದಿ ಮುಗಿಯಿತು. ಇಂಗ್ಲಿಷಿನದನ್ನು ಸಾಹೇಬರು ಬರೆದರು, ಊರಿನಲ್ಲಿ ಅಂಟಿಸುವ ಕನ್ನಡದ ಪ್ರತಿ ಶಾಮಣ್ಣನವರದು. ಅದರಲ್ಲಿ, "ಬೋರಸಂದ್ರ: ಕೆರೆಗೆ ಹೋಗುವ ಮಾರ್ಗ, ವಿದ್ಯುದ್ದೀಪ ಸಹಿತ" ಎಂದಿದೆ. ಒಂದನೆಯ ಸ್ಥಾನ. ಮಂಡಳಿ ಮೊದಲ ವರ್ಷದಲ್ಲೇ ಏನಾದರೂ ಮಾಡಿ ತೋರಿಸಬೇಕಂತೆ. ನಮ್ಮ ಊರಿನದು ಸಣ್ಣ ಕೆಲಸ, ಬೇಗ ಮುಗಿಯುತ್ತದೆ.

"ಕೆರೆಕಡೆ" ಹೋಗಿ "ಕೆರೆಗೆ" ಆಗಿದೆ. "ಕಡೆ" ಎಂಬ ಎರಡಕ್ಷರ ಎಲ್ಲೋ ಉದುರಿಹೋಯಿತು. ಅದು ಇದ್ದಿದ್ದರೆ ಶಾಮಣ್ಣನವರಿಗಾದರೂ ಹೊಳೆಯುತ್ತಿತ್ತು. ಈಗ ಯಾರಿಗೂ ಹೊಳೆಯುವುದಿಲ್ಲ. ಇದನ್ನು ಬರೆಯುವಾಗ ಸಮಾಧಾನವಾಗುತ್ತಿದೆ, ಆಗಬಾರದಾಗಿತ್ತು.

"ಅದೃಷ್ಟ ಕಣಯ್ಯ ನಿಮ್ಮೂರಿಗೆ. ಊರಿನವನೇ ಜವಾನ ಆಗಿದ್ದರೆ ದೇವರು ಬೇಗ ವರ ಕೊಡ್ತಾನೆ" ಎಂದು ಶಾಮಣ್ಣನವರು ಬೆನ್ನು ತಟ್ಟಿದರು.

ಸಂಜೆ ಅತ್ತೆ ಓಡಿಬಂದಳು. "ಕಟ್ತಾರೇನ್ಲಾ ತಿಮ್ಮ, ದಿಟವಾಗ್ಲೂ?"

"ಹೂಂ ಅತ್ತೆ. ಮಾಡ್ತಾರೆ."

"ಸುತ್ತ ಗೋಡೆ ಹಾಕ್ಲಿ ಸಾಕು, ಮ್ಯಾಲೆ ಸೂರಿಲ್ದಿದ್ರೂ ಆಯ್ತದೆ. ನಿನ್ ಬಾಯಿಗೆ ಬೆಲ್ಲ ಹಾಕ್ತೀನಿ" ಎಂದಳು. ಹಾಕಿಯೂ ಬಿಟ್ಟಳು.

ಅಕ್ಟೋಬರ್ ೩೦

ಕೂಲಿಯವರು ಬಂದು ಕಳ್ಳಿಸಾಲನ್ನು ಕಡಿದರು. ರಸ್ತೆಗೆ ಅಗಲ ಬೇಕಲ್ಲ. ಮಧ್ಯಾಹ್ನದ ಹೊತ್ತಿಗೆ ಏರಿ ಬೋಳಾಗಿ, ನಮ್ಮ ಬಾಗಿಲಿನಿಂದಲೇ ಕೆರೆಯ ನೀರು ಕಾಣಿಸಿತು. ಚೆನ್ನಾಗಿ ಕಾಣುತ್ತಿತ್ತು, ಅದು ಬೇರೆ.

ಅತ್ತೆ ಬಂದು "ತಿಮ್ಮ ಅವ್ನಾ?" ಎಂದು ಕೇಳಿದಳು. ನಾನು ಒಳಮನೆಯಲ್ಲಿ ರಾಗಿ ತುಂಬಿದ ಮಣ್ಣಿನ ವಾಡೆಯ ಹಿಂದೆ ನಿಂತಿದ್ದೆ. ಗಂಡಸು, ಸರ್ಕಾರದ ಕೋಟು ಹಾಕಿಕೊಂಡು, ವಾಡೆಯ ಹಿಂದೆ. ಮಂಗಮ್ಮ "ಇನ್ನೂ ಬಂದಿಲ್ಲ" ಎಂದಳು. ನನ್ನನ್ನು ನೋಡದೆಯೇ ಹೇಳಿದಳು.

ಅವಳಿಗೆ ಈಗ ನಾಲ್ಕು ತಿಂಗಳು.

ಡಿಸೆಂಬರ್ ೯

ದೀಪ ಬಂತು. ಸಾಹೇಬರೂ ಬಂದಿದ್ದರು. ಬೆಳಗಿದಾಗ ಮಕ್ಕಳು ಹೋ ಎಂದು ಕೂಗಿದವು. ರಸ್ತೆಯ ಉದ್ದಕ್ಕೂ ಕಂಬ, ಸೂಜಿ ಬಿದ್ದರೂ ಹುಡುಕಬಹುದು. ಹೆಂಗಸರು ಒಬ್ಬರೂ ಹೊರಗೆ ಬರಲಿಲ್ಲ. "ಸಂಕೋಚದವರು" ಎಂದರು ಸಾಹೇಬರು. ಅವರಿಗೆ ಬಹಳ ಖುಷಿಯಾಗಿತ್ತು. ನನಗೆ ಕೈ ಕೊಟ್ಟರು. ನನ್ನ ಅಂಗೈ ಬೆವತಿತ್ತು, ಅದಕ್ಕೂ ನಾಚಿಕೆಯಾಯಿತು.

ಡಿಸೆಂಬರ್ ೧೧

ಅತ್ತೆ ಅರಳಿಕಟ್ಟೆಯ ಹತ್ತಿರ ಎಲ್ಲರಿಗೂ ಕೇಳುವಂತೆ ಅಂದದ್ದು: "ನಮ್ಮ ತಿಮ್ಮರಾಯ ದೊಡ್ಡ ಮನ್ಸ ಆಗವ್ನೆ ಕಣ್ರಪ್ಪ! ನಾವು ಕೂತ್ಕಂಡಾಗ ಕತ್ಲಲ್ಲಿ ಯಾರ್ಗೂ ಕಾಣಾಕಿಲ್ಲ ಅಂತ ದೀಪ ಹಾಕ್ಸವ್ನೆ!"

ಗಂಡಸರೂ ನಕ್ಕರು.

ಡಿಸೆಂಬರ್ ೧೨

ನಾನೂ ನಕ್ಕಿದ್ದೆ. ನಿನ್ನೆ ಅದನ್ನು ಬರೆಯಲಿಲ್ಲ.

೧೯೬೨ ಜನವರಿ ೧೭

ಮಂಗಮ್ಮನಿಗೆ ಜ್ವರ. ನಡುಗುತ್ತಿದ್ದಳು, ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ಎತ್ತಿನ ಗಾಡಿಯಲ್ಲಿ ಹೆರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಾಡಿ ಕುಲುಕಿದಾಗಲೆಲ್ಲ ಅವಳು ತುಟಿ ಕಚ್ಚುತ್ತಿದ್ದಳು. ಮಗು ಏನಾಗುತ್ತದೋ, ಅವಳು ಏನಾಗುತ್ತಾಳೋ ಎಂದು ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತುಕೊಂಡೆ. ಯಾವುದು ಯಾವ ದೇವರಿಗೆಂದು ಮರೆತುಹೋಗಿದೆ.

ಡಾಕ್ಟರಮ್ಮ ನೋಡಿ, ಉರಿಮೂತ್ರ ಏರಿ ಜ್ವರ ಬಂದಿದೆ, ಈ ಸಲ ಮಗುವಿಗೆ ಏನೂ ಆಗಿಲ್ಲ ಎಂದರು. ಈ ಸಲ ಎಂದರು. "ನೀರು ಕುಡಿಯೋದೇ ಇಲ್ವೇನಮ್ಮ ನೀನು? ಬಸುರಿ ಹೆಂಗಸು ಹೀಗೆ ಒಣಗಬಾರದು. ಯಾಕೆ ಕುಡಿಯಲ್ಲ?"

ಮಂಗಮ್ಮ ನೆಲ ನೋಡಿದಳು. "ಕುಡುದ್ರೆ ಹೋಗ್ಬೇಕಾಯ್ತದಲ್ಲ" ಎಂದಳು.

ಡಾಕ್ಟರಮ್ಮ ನನ್ನತ್ತ ತಿರುಗಿ, "ಮನೆ ಯಾವ ಕಡೆ?" ಎಂದರು. ಜಯನಗರದ ಪಕ್ಕ ಎಂದು ಬಾಯಿಗೆ ಬಂದಿತ್ತು. ಬೋರಸಂದ್ರ ಎಂದೆ.

ಜನವರಿ ೧೯

ಜ್ವರ ಇಳಿದಿದೆ. ಸಂಜೆ ಮಾತಾಡಿದಳು. ರಾತ್ರಿ ಊಟ ಬಿಟ್ಟು ತಿಂಗಳಾಯಿತಂತೆ. ಹಗಲು ನೀರು ಮುಟ್ಟುವುದಿಲ್ಲವಂತೆ. ಬೆಳಕು ಹರಿಯುವ ಮುಂಚೆ ಎಲ್ಲರೂ ಕಲ್ಲುಕ್ವಾರಿಯ ಆಚೆ ಹೋಗುತ್ತಾರಂತೆ, ಹಳ್ಳ ದಿಣ್ಣೆ, ಹಾವಿನ ಭಯ ಬೇರೆ. ಒಂದೇ ಮನೆಯಲ್ಲಿದ್ದು ನನಗೆ ಇದೊಂದೂ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೆಂದು ಬರೆದರೆ ಆಗಿಹೋಯಿತೇ? ಕೇಳಿರಲಿಲ್ಲ.

"ಅವತ್ತು ನಾನೂ ಅಲ್ಲೇ ಇದ್ದೆ" ಎಂದಳು. "ಸಾಹೇಬ್ರು ನೀರಿಗಾ ಅಂತ ಕೇಳುದ್ರು. ನೀವು ಹೂಂ ಅಂದ್ರಿ."

"ಅವರ ಮುಂದೆ ಅದನ್ನ ಹೆಂಗೆ ಹೇಳೋದೆ, ಮಂಗಿ?"

"ಅವ್ರೇನು ಹೋಗಾಕಿಲ್ವಾ?"

ಮೂರನೇ ಬ್ಲಾಕಿನ ಆಫೀಸಿನಲ್ಲಿ ಹಿತ್ತಲ ಬಾಗಿಲಿನ ಪಕ್ಕ ಚಿಲಕವಿರುವ ಒಂದು ಕೋಣೆ ಇದೆ. ಅದನ್ನು ದಿನಾ ತೊಳೆಸುವವನೇ ನಾನು.

ಫೆಬ್ರವರಿ ೫

ಕಂಬಗಳ ಬಲ್ಬೆಲ್ಲ ಪುಡಿಪುಡಿ. ಹಟ್ಟಿಯ ಪಡ್ಡೆ ಹುಡುಗರ ಕೆಲಸವೆಂದು ಊರಿನಲ್ಲಿ ಹೇಳಿಕೊಳ್ಳುತ್ತಿದ್ದಾರೆ. ಅತ್ತೆಯ ಬಲಗೈ ತೋಳು ಊದಿಕೊಂಡಿದೆ. ಕೇಳಿದ್ದಕ್ಕೆ, "ಈ ವಯಸ್ಸಲ್ಲಿ ಕಲ್ಲು ಬೀಸಿದ್ರೆ ಇನ್ನೇನಾಯ್ತದೆ? ಗುರಿ ಮಾತ್ರ ತಪ್ಪಿಲ್ಲ ಕಣ್ಲಾ" ಎಂದಳು. ಅಷ್ಟು ಜೋರಾಗಿ ಹೇಳಬೇಡ ಅತ್ತೆ ಎಂದು ಕೈ ಮುಗಿದೆ.

ಆಫೀಸಿನಲ್ಲಿ ಸಾಹೇಬರು ಮಂಕಾಗಿ ಕೂತಿದ್ದರು. "ನಾನು ಏನು ತಪ್ಪು ಮಾಡಿದೆ, ತಿಮ್ಮರಾಯಪ್ಪ? ಅವರು ಕೇಳಿದ್ದನ್ನೇ ಕೊಟ್ಟೆವಲ್ಲ" ಎಂದರು. ಆಗಲೂ ಬಾಯಿ ತೆರೆಯಲಿಲ್ಲ. ಖಾಲಿ ಲೋಟ ಎತ್ತಿಕೊಂಡು ಹೊರಗೆ ಬಂದೆ.

ಹೊಸ ಬಲ್ಬು ಹಾಕಲು ಹೇಳಿದ್ದಾರಂತೆ. ಬರುವ ವರ್ಷ ಯಾವ ಯಾವ ಊರಿಗೆ ಕಕ್ಕಸು, ಚರಂಡಿ ಎಂದು ಬುಧವಾರದ ಸಭೆಯಲ್ಲಿ ತೀರ್ಮಾನ. ಬೋರಸಂದ್ರವನ್ನು ಕಟ್ಟಕಡೆಗೆ ಹಾಕಬೇಕೆಂದು ಸದಸ್ಯರ ಅಭಿಪ್ರಾಯ. "ಕೊಟ್ಟದ್ದನ್ನ ಒಡೆಯೋರಿಗೆ ಮತ್ತೆ ಕೊಡೋದು ಯಾಕೆ ಅಂತಾರೆ. ಕಟ್ಟಕಡೆ ಅಂದರೆ ನಿನ್ನ ಮೊಮ್ಮಕ್ಕಳ ಕಾಲಕ್ಕೆ ಬರುತ್ತೆ" ಎಂದರು ಶಾಮಣ್ಣನವರು.

ಫೆಬ್ರವರಿ ೬

ಶಾಮಣ್ಣನವರನ್ನು ಓರೆಯಾಗಿ ಕೇಳಿದೆ, ಅದಕ್ಕೆ ಪುಸ್ತಕದಲ್ಲಿ ಏನಂತಾರೆ ಎಂದು. "ಯಾವುದಕ್ಕಯ್ಯ?" "ಅದೇ ಸಾರ್, ಬೆಳಿಗ್ಗೆ ಎದ್ದು..." ಕನ್ನಡಕದ ಮೇಲಿಂದ ನೋಡಿ, "ಮಲವಿಸರ್ಜನೆ. ಯಾಕೆ, ನಿನಗೆ ಆಗ್ತಿಲ್ವೇ?" ಎಂದರು.

ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದೆ. ಮಲವಿಸರ್ಜನೆ, ಮಲವಿಸರ್ಜನೆ. ಎದುರಿಗೆ ಬಂದ ಸೈಕಲ್ಲಿನವನು ನಿಂತು ನೋಡಿದ.

ಫೆಬ್ರವರಿ ೭

ಹೇಳಿದೆ.

ಕಾಫಿ ತಟ್ಟೆ ಹಿಡಿದುಕೊಂಡು ಒಳಗೆ ಹೋದಾಗ ನಮ್ಮ ಊರಿನ ಮಾತೇ ನಡೆದಿತ್ತು. ಒಬ್ಬ ಸದಸ್ಯರು "ಸಂಸ್ಕಾರವಿಲ್ಲದ ಜನ" ಎಂದರು. ಸಾಹೇಬರು ಸುಮ್ಮನೆ ಪೆನ್ಸಿಲ್ ತಿರುಗಿಸುತ್ತಿದ್ದರು. ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟು ಹೋಗಬೇಕು, ಹೋಗಲಿಲ್ಲ.

"ಸಾರ್, ಕೆರೆಕಡೆ ಹೋಗೋದು ಅಂದ್ರೆ ನೀರಿಗಲ್ಲ ಸಾರ್."

ಎಲ್ಲರೂ ತಲೆಯೆತ್ತಿದರು. ಕಲಿತ ಮಾತು ಹುಡುಕಿದೆ. ಮಲ ಎಂದೆ, ಮುಂದೆ ಬರಲೇ ಇಲ್ಲ. ಮತ್ತೆ ಮಲ ಎಂದೆ. ಕೊನೆಗೆ, "ಹೇಲಕ್ಕೆ ಸಾರ್. ಹೆಂಗಸರು ಹೇಲಕ್ಕೆ ಹೋಗೋ ಜಾಗ ಅದು. ಇದ್ದ ಮರೆ ಕಡಿದು ನಾವು ಅಲ್ಲಿಗೆ ದೀಪ ಹಾಕಿದೀವಿ. ನನ್ನ ಹೆಂಡ್ತಿ ನೀರು ಕುಡಿಯೋದು ಬಿಟ್ಟವಳೆ ಸಾರ್, ಬಸುರಿ" ಎಂದುಬಿಟ್ಟೆ.

ಹೊರಗೆ ಶಾಮಣ್ಣನವರ ಟೈಪು ನಿಂತಿತು. ಮಂಡಳಿಯಲ್ಲಿ ಒಬ್ಬರೇ ಹೆಂಗಸು, ಚೂಡಾಮಣಿಯಮ್ಮನವರು. ಅವರ ಮುಖದ ಕಡೆ ನೋಡಲಾರದೆ ಕಾಫಿಯ ಲೋಟ ನೋಡುತ್ತ ನಿಂತೆ.

"ಆ ದಿನವೇ ಏಕೆ ಹೇಳಲಿಲ್ಲ?" ಎಂದರು ಸಾಹೇಬರು.

"ನಾಚಿಕೆಯಾಯ್ತು ಸಾರ್."

"ಅವರ ಬಗ್ಗೆಯೇ?"

"ನಮ್ಮ ಬಗ್ಗೆ ಸಾರ್."

ಚೂಡಾಮಣಿಯಮ್ಮನವರು, "ಈಗ ಎಲ್ಲಿಗೆ ಹೋಗ್ತಾರಪ್ಪ?" ಎಂದು ಕೇಳಿದರು. ಕ್ವಾರಿಯ ಆಚೆ ಎಂದೆ. ಅವರು ತಮ್ಮ ಲೋಟವನ್ನು ದೂರ ಸರಿಸಿ, "ರಾಮಪ್ರಸಾದ್, ನೀವು ಹೋಗಿ ನೋಡಿ ಬನ್ನಿ. ಅಲ್ಲೀವರೆಗೂ ಈ ಊರಿನ ನಂಬರ್ ಬರೀಬೇಡಿ" ಎಂದರು.

ಕೆಲಸ ಹೋಯಿತೆಂದೇ ತಿಳಿದಿದ್ದೆ. ಸಂಜೆ ಯಾರೂ ಏನೂ ಹೇಳಲಿಲ್ಲ. ಹೋಗುವಾಗ ಶಾಮಣ್ಣನವರು ಮಾತ್ರ, "ಆ ಪದ ಹೇಳಿಕೊಟ್ಟ ನನಗೆ ಬೆಲೆ ಇಲ್ದಂಗೆ ಮಾಡಿದೆಯಲ್ಲಯ್ಯ" ಎಂದರು.

ಮನೆಯಲ್ಲಿ ಹೇಳಿದರೆ ಇನ್ನೊಂದು ರಾದ್ಧಾಂತ. ಮಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ನನ್ನ ಹೆಸ್ರು ಹೇಳುದ್ರಾ? ಅಷ್ಟು ಜನ್ರ ಮುಂದೆ? ಇನ್ನು ಅವ್ರು ಬಂದ್ರೆ ನಾನು ಎಲ್ಲಿ ಬಚ್ಚಿಟ್ಕಳ್ಲಿ!" ಎಂದಳು. ಹೆಸರು ಹೇಳಲಿಲ್ಲ, ಹೆಂಡತಿ ಎಂದೆ ಅಷ್ಟೇ ಎಂದರೆ ಕೇಳಲಿಲ್ಲ. ಅತ್ತೆ ಬಾಗಿಲಲ್ಲೇ ಕೂತು ನಕ್ಕಿದ್ದೇ ನಕ್ಕಿದ್ದು. "ದಿಟವಾಗ್ಲೂ ಹಂಗೇ ಅಂದ್ಯೇನ್ಲಾ? ಆ ಮಾತೇ? ಇನ್ನೊಂದ್ಸಲ ಅನ್ನು."

ಫೆಬ್ರವರಿ ೧೬

ಹೊಸ ಬಲ್ಬು ಹಾಕಿಹೋದ ದಿನದಿಂದ ಹೊತ್ತು ಮುಳುಗುವಾಗ ರಸ್ತೆಯ ಬಾಯಲ್ಲಿ ನಿಲ್ಲುತ್ತಿದ್ದೇನೆ, ಕೆರೆಗೆ ಬೆನ್ನು ಹಾಕಿ. ಮಂಗಮ್ಮನಿಗೆ ಕ್ವಾರಿಯವರೆಗೆ ನಡೆಯುವ ಶಕ್ತಿ ಇಲ್ಲ. ಕೆರೆಕಡೆಗೂ ಒಬ್ಬಳೇ ಹೋಗಲಾರಳು, ಅದಕ್ಕೆ ನಾಲ್ಕಾರು ಹೆಂಗಸರು ಜೊತೆಗೆ ಬರುತ್ತಾರೆ. ಸರ್ಕಾರದ ಕೋಟು ಹಾಕಿಕೊಂಡಿದ್ದರೆ ಸೈಕಲ್ಲಿನವರು ಎದುರಾಡುವುದಿಲ್ಲ. "ಈ ದಾರಿ ಈಗಿಲ್ಲ, ಸುತ್ತಿಕೊಂಡು ಹೋಗಪ್ಪ" ಎನ್ನುತ್ತೇನೆ. ಯಾಕೆ ಎಂದರೆ, ಹೆಂಗಸರು ಹೇಲಕ್ಕೆ ಹೋಗಿದ್ದಾರೆ ಎನ್ನುತ್ತೇನೆ. ಚಿಕ್ಕಬೈರಪ್ಪನಿಗೆ ಇದು ಹಿಡಿಸಿಲ್ಲ, ಊರಿನ ಮರ್ಯಾದೆ ಹೋಯಿತಂತೆ.

ಇವತ್ತು ಹಾಗೆ ನಿಂತಿರುವಾಗ ಸಾಹೇಬರ ಕಾರು ಅರಳಿಕಟ್ಟೆಯ ಹತ್ತಿರ ನಿಂತಿತು. ಇಳಿದು ನೆಟ್ಟಗೆ ಏರಿಯ ಕಡೆಗೇ ನಡೆದು ಬಂದರು. ನಾನು ಅಡ್ಡ ಕೈ ಹಿಡಿದೆ. "ಈಗ ಬೇಡ ಸಾರ್. ನಿಂತ್ಕೊಳ್ಳಿ."

ನಿಂತರು. ತಲೆಯೆತ್ತಿ ದೀಪ ನೋಡಿದರು, ರಸ್ತೆ ನೋಡಿದರು, ಆಮೇಲೆ ತಟ್ಟನೆ ನನ್ನ ಹಾಗೆಯೇ ಊರಿನತ್ತ ತಿರುಗಿ ನಿಂತರು. ನಮ್ಮಿಬ್ಬರ ನೆರಳು ಮುಂದೆ ಚಾಚಿಕೊಂಡಿತ್ತು.

"ಎಷ್ಟು ಹೊತ್ತಾಗಬಹುದು?"

"ಅದು ಹೇಳಕ್ಕಾಗಲ್ಲ ಸಾರ್."

"ಹೌದು, ಹೌದು" ಎಂದು ಕೆಮ್ಮಿದರು.

ಸೊಳ್ಳೆ ಕಚ್ಚುತ್ತಿತ್ತು. ಸಾಹೇಬರಿಗೆ ಕುರ್ಚಿ ತರಬೇಕಿತ್ತೇನೋ. ಆದರೆ ಜಾಗ ಬಿಟ್ಟು ಹೋಗುವಂತಿರಲಿಲ್ಲ.

ಹೆಂಗಸರು ಬಂದರು. ಮಂಗಮ್ಮ ಅತ್ತೆಯ ತೋಳು ಹಿಡಿದಿದ್ದಳು. ಸಾಹೇಬರನ್ನು ಕಂಡದ್ದೇ ಉಳಿದವರೆಲ್ಲ ರಸ್ತೆಯ ಅಂಚಿಗೆ ಸರಿದರು, ಅತ್ತೆ ಮಾತ್ರ ಅವರ ಎದುರಿಗೇ ಬಂದು ನಿಂತಳು.

"ದೀಪ ಬಲು ಚಂದಾಗೈತೆ ಸ್ವಾಮಿ. ಎಲ್ಲಾ ಕಾಣ್ತದೆ."

ಸಾಹೇಬರು ತಲೆ ತಗ್ಗಿಸಿದರು. "ಗೋಡೆ ಎಷ್ಟು ಎತ್ತರವಿರಬೇಕು, ತಾಯಿ?" ಎಂದು ಕೇಳಿದರು. ನನ್ನನ್ನಲ್ಲ, ಅತ್ತೆಯನ್ನೇ.

ಅತ್ತೆ ಮಂಗಮ್ಮನನ್ನು ಮುಂದಕ್ಕೆ ಎಳೆದು, ಅವಳ ತಲೆಯ ಮೇಲೆ ಒಂದು ಮೊಳ ಎತ್ತಿ ಕೈ ಹಿಡಿದಳು. "ಈ ಹುಡ್ಗಿ ಎದ್ದು ನಿಂತ್ರೂ ನೆತ್ತಿ ಕಾಣ್ಬಾರ್ದು. ದೀಪ ಬೇಕಾದ್ರೆ ಗೋಡೆ ಒಳಗೆ ಇಡಿ, ಬ್ಯಾಡ ಅನ್ನಾಕಿಲ್ಲ."

ಅರ್ಥ ಹೇಳಲು ನಾನು ಬಾಯಿ ತೆಗೆದೆ.

"ಬೇಡ ತಿಮ್ಮರಾಯಪ್ಪ" ಎಂದರು ಸಾಹೇಬರು. "ತಿಳಿಯಿತು."